ಕುಂಕುಮವಿಲ್ಲದ ನಾಲ್ಕನೇ ಚಕ್ರ

ನಾಲ್ಕನೇ ಚಕ್ರದ ಒಳಮುಖದಲ್ಲಿ ಕುಂಕುಮ ಇರಲಿಲ್ಲ.

ಉಷಾರಾಣಿ ಮೊಣಕಾಲೂರಿ ಇನ್ನೊಮ್ಮೆ ಟಾರ್ಚು ಬಿಟ್ಟು ನೋಡಿದಳು. ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಗೆ ಮುಖ ಮಾಡಿರುವ ದುರ್ಗೇಶನ ಟೈರ್ ಅಂಗಡಿ. ಸಿಮೆಂಟು ನೆಲದ ಮೇಲೆ ನಾಲ್ಕು ಕಪ್ಪು ಅಲಾಯ್ ಚಕ್ರಗಳು ಬೋರಲಾಗಿ ಬಿದ್ದಿದ್ದವು. ಮೂರು ನೆಟ್ಟಗಿದ್ದವು. ನಾಲ್ಕನೆಯದರ ಹತ್ತು ಸ್ಪೋಕುಗಳಲ್ಲಿ ಆರು ಮುರಿದು, ಅಂಚು ಒಳಕ್ಕೆ ಮಡಚಿಕೊಂಡಿತ್ತು.

ನೆಟ್ಟಗಿದ್ದ ಮೂರರಲ್ಲೂ, ಬೋಲ್ಟು ಕೂರುವ ಐದು ತೂತುಗಳ ನಡುವೆ, ಹೆಬ್ಬೆರಳಗಲದ ಕುಂಕುಮದ ಬೊಟ್ಟು. ಚಕ್ರವು ಕಾರಿಗೆ ಅಂಟಿ ಕೂರುವ ಜಾಗ ಅದು. ನೀರು, ಧೂಳು ತಾಗುವುದಿಲ್ಲ. ಬ್ರೇಕಿನ ಬಿಸಿಗೆ ಕಂದಿದ್ದರೂ ಬೊಟ್ಟು ಅಳಿಸಿರಲಿಲ್ಲ.

ಒಂಬತ್ತು ದಿನದ ಹಿಂದೆ, ನವೆಂಬರ್ 10ರ ಸೋಮವಾರ, ಹೊಸದುರ್ಗದಿಂದ ಹೊಳಲ್ಕೆರೆಗೆ ಬರುತ್ತಿದ್ದ ಎಲೆಕ್ಟ್ರಿಕ್ ಕಾರಿನ ಹಿಂದಿನ ಎಡ ಚಕ್ರ ಮುರಿದು ಕಾರು ಉರುಳಿತ್ತು. ಹಿಂದಿನ ಸೀಟಿನಲ್ಲಿದ್ದ ಕಾಟಲಿಂಗಪ್ಪ ಅಂದಿನಿಂದ ಕಣ್ಣು ತೆರೆದಿಲ್ಲ, ಕೊರಳೆಲುಬು ಮುರಿದುಕೊಂಡ ಚಾಲಕ ಮಂಜಣ್ಣ ಪೊಲೀಸ್ ಕಾವಲಿನಲ್ಲಿ ಜಿಲ್ಲಾಸ್ಪತ್ರೆಯಲ್ಲಿದ್ದಾನೆ.

ಕಾಟಲಿಂಗಪ್ಪ ಸತ್ತರೆ ಮಂಜಣ್ಣನ ಮೇಲಿನ ಕೇಸಿನ ಸೆಕ್ಷನ್ನೇ ಬದಲಾಗುತ್ತದೆ. ವಿಮಾ ಕಂಪನಿಯ ತನಿಖಾಧಿಕಾರಿಯಾಗಿ ಉಷಾರಾಣಿ ಕೊಡುವ ವರದಿಯನ್ನು ಹೊಳಲ್ಕೆರೆ ಠಾಣೆಯೂ ಕೇಳಿತ್ತು. ಕೊಡಬೇಕಾದ ದಿನ ಶುಕ್ರವಾರ. ಇಂದು ಬುಧವಾರ.

"ಇದು ನಮ್ದಲ್ಲ ಮೇಡಂ," ಎಂದ ದುರ್ಗೇಶ, ಮುರಿದ ಚಕ್ರವನ್ನು ಕಾಲಿನಲ್ಲಿ ತೋರಿಸಿ. "ನಮ್ಮ ಅಂಗಡೀಲಿ ಫಿಟ್ ಮಾಡೋ ಪ್ರತಿ ವೀಲಿಗೂ ನಮ್ಮನೆಯೋಳು ಕುಂಕುಮ ಇಟ್ಟೇ ಕೊಡೋದು. ಹನ್ನೆರಡು ವರ್ಷದಿಂದ ಇದೇ ಪದ್ಧತಿ. ನೀವೇ ನೋಡ್ರಿ, ಮೂರಕ್ಕೆ ಐತೆ, ಇದಕ್ಕಿಲ್ಲ."

ಠಾಣೆಯ ಅನುಮತಿ ಪತ್ರದೊಂದಿಗೆ ಚಕ್ರಗಳ ಜೊತೆ ಬಂದಿದ್ದ ಪೇದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವನೂ ಬಗ್ಗಿ ನೋಡಿ ತಲೆಯಾಡಿಸಿದ.

ಉಷಾರಾಣಿ ಎದ್ದು ನಿಲ್ಲಲಿಲ್ಲ. ಚಕ್ರದ ಬೆನ್ನಿನಲ್ಲಿ ಎರಕ ಹೊಯ್ದ ಅಕ್ಷರಗಳ ಮೇಲೆ ಟಾರ್ಚಿನ ಬೆಳಕು ಹರಿಸಿದಳು. ಮೂರು ಚಕ್ರಗಳಲ್ಲಿ ಗರಿಷ್ಠ ಭಾರ 690 ಕೆ.ಜಿ. ಎಂದಿತ್ತು. ನಾಲ್ಕನೆಯದರಲ್ಲಿ 515.

ಮುಂದಿನಿಂದ ನೋಡಿದರೆ ನಾಲ್ಕೂ ಒಂದೇ. ಅದೇ ಹತ್ತು ಸ್ಪೋಕು, ಅದೇ ಕಪ್ಪು, ಅದೇ 18 ಇಂಚು. ಬೆನ್ನು ಮಾತ್ರ ಬೇರೆ.

"ಟೈರು ನಿಮ್ಮದೇನಾ?" ಎಂದು ಕೇಳಿದಳು.

"ಟೈರು..." ದುರ್ಗೇಶ ಬಗ್ಗಿದ.

"ನಾಲ್ಕರ ಮೇಲೂ 1425 ಅಂತಿದೆ. 2025ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ನಾಲ್ಕರಲ್ಲೂ ಲೋಡ್ ನಂಬರು 99. ಅಂದರೆ ಒಂದೊಂದು ಟೈರು 775 ಕೆ.ಜಿ. ಹೊರುತ್ತೆ. ನಿಮ್ಮ ಬಿಲ್ಲಿನಲ್ಲೂ ಇದೇ ಇದೆ."

"ಟೈರು ನಮ್ದೇ."

"ಹಂಗಾದ್ರೆ ಯಾರೋ ನಿಮ್ಮ ಟೈರನ್ನು ಗಟ್ಟಿ ಚಕ್ರದಿಂದ ಬಿಚ್ಚಿ, ಈ ಹಗುರ ಚಕ್ರಕ್ಕೆ ಹಾಕಿದ್ದಾರೆ. ಅದಕ್ಕೆ ಟೈರ್ ಬಿಚ್ಚುವ ಮಷೀನು ಬೇಕು." ಅಂಗಡಿಯ ಮೂಲೆಯಲ್ಲಿದ್ದ ಕೆಂಪು ಮಷೀನನ್ನು ಅವಳು ನೋಡಿದಳು.

ದುರ್ಗೇಶ ಕೈಯಲ್ಲಿದ್ದ ಬಟ್ಟೆಯಿಂದ ಕತ್ತು ಒರೆಸಿಕೊಂಡ. "ಮಷೀನು ಎಲ್ಲಾ ಕಡೆ ಅವೆ ಮೇಡಂ. ಪಂಕ್ಚರ್ ಅಂಗಡೀಲೂ ಅವೆ."

"ಗೋಡೆ ಮೇಲೆ ಅಲ್ಲೇನಿತ್ತು?"

ಗಿರಾಕಿಗಳಿಗೆ ತೋರಿಸಲು ಗೋಡೆಗೆ ಚಕ್ರಗಳನ್ನು ನೇತುಹಾಕಿದ್ದರು. ಮೂರು ಸಾಲು, ಸಾಲಿಗೆ ಆರು. ನಡುವಿನ ಸಾಲಿನ ಒಂದು ಕೊಕ್ಕೆ ಬರಿದಾಗಿತ್ತು. ಅಲ್ಲಿ ಗೋಡೆಯ ಬಣ್ಣ ದುಂಡಗೆ ಬೆಳ್ಳಗಿತ್ತು, ಸುತ್ತಲೂ ಧೂಳು.

"ಅದು ಯಾವಾಗ್ಲೋ ಹೋತು."

"ಏನ್ರಿ," ಎಂದಳು ಅನುಸೂಯ. ದುರ್ಗೇಶನ ಹೆಂಡತಿ. ಬಿಲ್ಲಿನ ಮೇಜಿನ ಹಿಂದೆ ಕುಳಿತು ಇಷ್ಟು ಹೊತ್ತೂ ಹೂ ಕಟ್ಟುತ್ತಿದ್ದವಳು ತಲೆಯೆತ್ತಿರಲಿಲ್ಲ. "ಅದು ಆ ಕರೆಂಟು ಕಾರಿನ ಸ್ಟೆಪ್ನಿಗೆ ಹೋದದ್ದಲ್ವೇನ್ರಿ? ಫಿಟ್ ಮಾಡಲ್ಲ, ಡಿಕ್ಕೀಲಿ ಇಡೋದು ಅಂದ್ರಿ. ಅದಕ್ಕೇ ನಾನು ಕುಂಕುಮ ಇಡ್ಲಿಲ್ಲ."

ಪೇದೆ ಕುರ್ಚಿಯಲ್ಲಿ ನೆಟ್ಟಗಾದ.

"ನಿನ್ನ ಯಾರು ಕೇಳಿದ್ರು ಈಗ?" ಎಂದ ದುರ್ಗೇಶ.

"ಯಾರೂ ಕೇಳಲಿಲ್ಲ. ನೀವು ನಮ್ದಲ್ಲ ಅಂದ್ರಲ್ಲ, ಅದಕ್ಕೆ ಅಂದೆ." ಅವಳು ಮತ್ತೆ ಹೂವಿಗೆ ತಿರುಗಿದಳು.

ಉಷಾರಾಣಿ ಸ್ಟೂಲನ್ನು ಎಳೆದುಕೊಂಡು ಕುಳಿತಳು. "ಕುಂತ್ಕಳ್ರಿ ದುರ್ಗೇಶ್. ಮೊದಲಿಂದ ಹೇಳಿ. ಈ ಚಕ್ರಗಳನ್ನು ಆರಿಸಿದ್ದು ಯಾರು?"

ದುರ್ಗೇಶ ಕುಳಿತ. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದ. ಸೆಪ್ಟೆಂಬರ್ 20ರ ತಾರೀಖು ಇತ್ತು. ಮೂರು ಅಳತೆಗಳನ್ನು ಬರೆದು ಎರಡನ್ನು ಹೊಡೆದುಹಾಕಿದ್ದರು.

"ಇಬ್ರೂ ಬಂದಿದ್ರು. ಮೋಹನ್‌ಕುಮಾರ್ ಸಾಹೇಬ್ರು, ಕಾಟಲಿಂಗಪ್ಪನೋರು."

ಇಬ್ಬರೂ ಪಾಲುದಾರರು. ಗಾಳಿಯಂತ್ರಗಳ ರೆಕ್ಕೆ ಎತ್ತುವ ಕ್ರೇನುಗಳನ್ನು ಬಾಡಿಗೆಗೆ ಕೊಡುವ ವ್ಯವಹಾರ. ಕಚೇರಿ ಹಿರಿಯೂರಿನಲ್ಲಿ. ಕಾರು ಮೋಹನ್‌ಕುಮಾರ್ ಹೆಸರಿನಲ್ಲಿತ್ತು, ಇಬ್ಬರೂ ಬಳಸುತ್ತಿದ್ದರು.

"ಕಂಪನೀಲಿ ಬಂದದ್ದು 17 ಇಂಚು," ಎಂದ ದುರ್ಗೇಶ. "ಸಾಹೇಬ್ರಿಗೆ 19 ಬೇಕಿತ್ತು. ನಾನೇ ಬ್ಯಾಡ ಅಂದೆ. ನೋಡಕ್ಕೆ ಚೆಂದ, ಚಾರ್ಜು ಬೇಗ ಇಳೀತೈತೆ. ಟೈರಿನ ಪಕ್ಕ ತೆಳ್ಳಗಾಗ್ತೈತೆ. ಹೊಸದುರ್ಗದ ಕಡೆ ಗುಂಡಿಗೆ ಬಿದ್ರೆ ನೇರ ವೀಲಿಗೇ ಪೆಟ್ಟು. 18 ಹಾಕಿ, ಅಗಲ ಅಷ್ಟೇ ಇರ್ಲಿ, ಮೀಟರೂ ತಪ್ಪಲ್ಲ ಅಂದೆ."

"ಭಾರದ ಮಾತು ಬಂತಾ?"

"ಅದೇ ಮೇಡಂ ಮೇನು. ಎಲೆಕ್ಟ್ರಿಕ್ ಕಾರು ನೋಡಕ್ಕೆ ಚಿಕ್ಕದು, ಅಡೀಲಿ ಬ್ಯಾಟರಿ ಮಲಗೈತಲ್ಲ. ಖಾಲಿ ಕಾರೇ 1,780 ಕೆ.ಜಿ. ಜನ, ಸಾಮಾನು ತುಂಬಿದ್ರೆ ಹಿಂದಿನ ಒಂದೊಂದು ವೀಲಿನ ಮೇಲೆ 590 ಬೀಳ್ತೈತೆ. ಇದೇ ಡಿಸೈನು ಎರಡು ತರ ಬರ್ತೈತೆ. ಹಗುರ ಪೆಟ್ರೋಲ್ ಕಾರಿಗೆ 515ರದ್ದು, ಭಾರದ ಗಾಡಿಗೆ 690ರದ್ದು. ಸಾಹೇಬ್ರು ಇದನ್ನೆಲ್ಲ ಕೇಳಿಸ್ಕಳ್ಲಿಲ್ಲ, ಫೋನಲ್ಲಿದ್ರು. ಕೇಳಿಸ್ಕಂಡದ್ದು ಕಾಟಲಿಂಗಪ್ಪನೋರು."

"ಏನು ಕೇಳಿದ್ರು?"

"ಏನು ಕೇಳ್ಲಿಲ್ಲ ಅಂತ ಕೇಳ್ರಿ. ತಿರುಗ್ಸಪ್ಪ ನೋಡಾಣ ಅಂತ ಪ್ರತಿ ವೀಲಿನ ಬೆನ್ನು ತಿರುಗ್ಸಿ, ಕನ್ನಡಕ ಹಾಕ್ಕಂಡು ನಂಬರು ಓದಿದ್ರು. ಎತ್ತು ಕೊಳ್ಳೋರು ಹಲ್ಲು ನೋಡ್ತಾರೆ, ನೀವು ಬೆನ್ನು ನೋಡ್ತೀರಲ್ಲ ಅಂದೆ. ನಕ್ಕರು. 690 ಅಂತ ಬುಕ್ಕಲ್ಲಿ ಬರ್ಕಂಡ್ರು. 515ರದ್ದು ಹಾಕಿದ್ರೆ ಏನಾಗ್ತೈತೆ ಅಂದ್ರು. ಒಳ್ಳೆ ರೋಡಲ್ಲಿ ಏನೂ ಆಗಲ್ಲ, ಗುಂಡೀಲಿ ಸೀಳ್ತೈತೆ ಅಂದೆ."

ಉಷಾರಾಣಿ ಆ ಮಾತನ್ನು ಹಾಗೆಯೇ ಬರೆದುಕೊಂಡಳು. "ಈ ಸ್ಟೆಪ್ನಿ ಯಾವಾಗ ಕೇಳಿದ್ರು?"

"ಈ ಕಾರಿಗೆ ಕಂಪನಿಯಿಂದ ಸ್ಟೆಪ್ನಿನೇ ಬರಲ್ಲ. ಗಾಳಿ ಪಂಪು, ಒಂದು ಅಂಟಿನ ಬಾಟ್ಲಿ ಕೊಡ್ತಾರೆ ಅಷ್ಟೆ. ನಮ್ಮ ಕಡೆ ಜನಕ್ಕೆ ಅದು ಒಪ್ಪಲ್ಲ. ನವೆಂಬರ್ ಆರು, ಗುರುವಾರ, ಫೋನ್ ಬಂತು. ಹಿರಿಯೂರಿನ ಆಫೀಸಿನ ಫೋನು. ಸ್ಟೆಪ್ನಿಗೆ ಒಂದು ವೀಲು ಬೇಕು, ಅದೇ ಡಿಸೈನು, ಟೈರ್ ಬ್ಯಾಡ, ಇವತ್ತೇ ಬೇಕು ಅಂತ. 690ರದ್ದು ಇರ್ಲಿಲ್ಲ. 515ರದ್ದು ಗೋಡೆ ಮೇಲಿತ್ತು. ಸ್ಟೆಪ್ನಿಗೆ ತಾನೆ, ನಲವತ್ತರ ಮೇಲೆ ಓಡಿಸಬ್ಯಾಡ್ರಿ ಅಂತ ಹೇಳಿ ಕೊಟ್ಟೆ."

"ಟೈರಿಲ್ಲದ ಚಕ್ರ ಸ್ಟೆಪ್ನಿ ಹೆಂಗಾಗುತ್ತೆ ದುರ್ಗೇಶ್?"

ದುರ್ಗೇಶ ನೆಲ ನೋಡಿದ. "ಟೈರು ಅವರ ಹತ್ರ ಇರಬೌದು ಅಂದ್ಕಂಡೆ."

"ಫೋನು ಮಾಡಿದ್ದು ಯಾರು?"

"ಗಂಡಸಿನ ದನಿ. ಮೋಹನ್‌ಕುಮಾರ್ ಸಾಹೇಬ್ರೇ ಅಂದ್ಕಂಡೆ."

"ಅಂದ್ಕೊಂಡಿರೋ, ಗುರುತು ಹಿಡಿದಿರೋ?"

"ಅಂದ್ಕಂಡೆ."

"ಇಷ್ಟು ಹೊತ್ತು ಯಾಕೆ ಸುಳ್ಳು ಹೇಳಿದ್ರಿ?"

"ಭಾರ ಹೊರದ ವೀಲನ್ನ ಭಾರದ ಗಾಡಿಯೋರಿಗೆ ಕೊಟ್ಟೀನಲ್ಲ ಮೇಡಂ. ನಾಳೆ ಯಾರು ನಮ್ಮಂಗಡಿ ಮೆಟ್ಲು ಹತ್ತುತಾರೆ?"

ಅದು ನಿಜವಾದ ಹೆದರಿಕೆ ಎಂದು ಉಷಾರಾಣಿಗೆ ಅನ್ನಿಸಿತು. ಅದೊಂದೇ ಹೆದರಿಕೆಯೇ ಎಂಬುದು ಖಚಿತವಾಗಲಿಲ್ಲ. ಮುರಿದ ಸ್ಪೋಕುಗಳ ಕಡೆ ಬೆರಳು ತೋರಿಸಿದಳು. ನಾಲ್ಕು ಬಿರುಕುಗಳ ಮುಖ ಹೊಳೆಯುತ್ತಿತ್ತು. ಎರಡರದ್ದು ಮಬ್ಬಾಗಿ, ಕೊಳೆ ಹಿಡಿದಿತ್ತು. "ಈ ಎರಡು ಅಪಘಾತಕ್ಕೆ ಮುಂಚೆಯೇ ಸೀಳಿದ್ದವು. ನಿಮ್ಮಂಗಡಿಯಿಂದ ಹೋಗುವಾಗ?"

"ದೇವರಾಣೆ ಇರ್ಲಿಲ್ಲ. ಒರೆಸಿ ಕೊಟ್ಟವನು ನಾನೇ."

"ಬಂದು ತಗೊಂಡು ಹೋದದ್ದು ಯಾರು?"

ಅನುಸೂಯ ಹೂವಿನ ಬುಟ್ಟಿ ಸರಿಸಿ ಪುಸ್ತಕ ತೆರೆದಳು. ಸಾಮಾನು ಪಡೆದವರು ಸಹಿ ಹಾಕುವ ಪುಸ್ತಕ. ನವೆಂಬರ್ 6ರ ಸಾಲಿನಲ್ಲಿ ದೊಡ್ಡ ದೊಡ್ಡ ಅಕ್ಷರದ ಸಹಿ ಇತ್ತು.

ಇ. ಮಂಜಣ್ಣ. ಮಾಡದಕೆರೆ.

ಉಷಾರಾಣಿ ಪುಟದ ಫೋಟೊ ತೆಗೆದುಕೊಳ್ಳುತ್ತಿರುವಾಗಲೇ ಫೋನು ಅದುರಿತು. ಮೋಹನ್‌ಕುಮಾರ್.

"ಮೇಡಂ, ಆಸ್ಪತ್ರೇಲಿದೀನಿ. ನಮ್ಮ ಕಾಟಲಿಂಗಪ್ಪಂದು ಹಂಗೇ ಐತೆ. ಒಂದು ಮಾತು. ಈ ಚಕ್ರ ಗಿಕ್ರ ಎಲ್ಲ ಯಾಕೆ ಹೊತ್ಕಂಡು ತಿರುಗ್ತೀರಿ? ಡ್ರೈವರ್ ಜೋರಾಗಿ ಬಂದ, ಗುಂಡಿ ನೋಡ್ಲಿಲ್ಲ. ಹಂಗೇ ಬರೀರಿ. ಕ್ಲೇಮು ಬರದಿದ್ರೂ ನನಗೆ ಬೇಜಾರಿಲ್ಲ."

"ಕಾರಿನ ದಾಖಲೆ ಪ್ರಕಾರ ವೇಗ 58 ಇತ್ತು ಸರ್."

"58 ಜೋರೇ ಅಲ್ವಾ ಆ ರೋಡಿಗೆ?"

"ಚಕ್ರ ತಂದಿದ್ದೀನಿ ಅಂತ ನಿಮಗೆ ಯಾರು ಹೇಳಿದ್ರು?"

"ಊರು ಚಿಕ್ಕದು ಮೇಡಂ," ಎಂದು ಅವನು ಫೋನಿಟ್ಟ.

ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ, ಕ್ಲೇಮು ಬರದಿದ್ದರೂ ಬೇಜಾರಿಲ್ಲ ಎಂದ ಕಾರು ಮಾಲೀಕನನ್ನು ಉಷಾರಾಣಿ ಕಂಡಿರಲಿಲ್ಲ.

"ಮೊನ್ನೆ ಸಾಹೇಬ್ರು ಬಂದಿದ್ರು," ಎಂದ ದುರ್ಗೇಶ, ಕೇಳದೆಯೇ. "ಹೊಸ ಕಾರು ತಂದಿದ್ರು. ಅದೂ ಎಲೆಕ್ಟ್ರಿಕ್ಕೇ, ಬಿಳೀದು. ಅಲಾಯ್ ತೋರಿಸ್ಲಾ ಅಂದೆ. ಬ್ಯಾಡ, ಕಂಪನಿ ವೀಲೇ ಇರ್ಲಿ ಅಂದ್ರು. ಗಾಳಿ ಚೆಕ್ ಮಾಡಿಸ್ಕಂಡು ಹೋದ್ರು."

ಅವಳು ಕಾಯುತ್ತಿದ್ದ ಈಮೇಲು ಹನ್ನೊಂದೂವರೆಗೆ ಮುಂಚೆ ಬಂತು. ಕಾರು ತಯಾರಕರ ಕಡೆಯ ಎಂಜಿನಿಯರು ಕಳಿಸಿದ ಎರಡು ಪುಟ. ಪ್ರತಿ ಟೈರಿನೊಳಗೂ ಗಾಳಿಯ ಒತ್ತಡ ಅಳೆಯುವ ಸಣ್ಣ ಯಂತ್ರವಿರುತ್ತದೆ. ಅದು ಹೇಳಿದ್ದನ್ನೆಲ್ಲ ಕಾರು ಬರೆದಿಟ್ಟುಕೊಳ್ಳುತ್ತದೆ.

ನವೆಂಬರ್ 8, ಶನಿವಾರ, ಬೆಳಿಗ್ಗೆ 11.12. ಹಿಂದಿನ ಎಡ ಟೈರಿನ ಒತ್ತಡ 36ರಿಂದ ಸೊನ್ನೆಗೆ ಇಳಿದಿತ್ತು. 11.51ಕ್ಕೆ ಮತ್ತೆ 36. ಪಂಕ್ಚರ್ ಆದರೆ ಒತ್ತಡ ಹೀಗೆ ಒಮ್ಮೆಲೇ ಸೊನ್ನೆಗೆ ಇಳಿಯುವುದಿಲ್ಲ. ಯಾರೋ ಬೇಕೆಂದೇ ಗಾಳಿ ಬಿಟ್ಟಿದ್ದರು.

ಆ 39 ನಿಮಿಷವೂ ಕಾರು ಆನ್ ಆಗಿತ್ತು. ಏಸಿ ಓಡುತ್ತಿತ್ತು. ಅಂದರೆ ಒಳಗೆ ಯಾರೋ ಕುಳಿತಿದ್ದರು.

ಕಾರು ನಿಂತಿದ್ದ ಜಾಗದ ಹೆಸರು ಕೊನೆಯ ಸಾಲಿನಲ್ಲಿತ್ತು. ಮಾಡದಕೆರೆ.

ಆಸ್ಪತ್ರೆಯ ಹಾಸಿಗೆಯಲ್ಲಿ ಮಂಜಣ್ಣ ಕೊಟ್ಟ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು. ಚಕ್ರ ಹಾಕಿಸಿದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ.

*

ಮಾಡದಕೆರೆ ತಲುಪಲು ಒಂದೂಕಾಲು ಗಂಟೆ ಹಿಡಿಯಿತು. ಜೋಗಿಮಟ್ಟಿಯ ಗುಡ್ಡಸಾಲು ಹಿಂದೆ ಸರಿದ ಮೇಲೆ ದಾರಿಯುದ್ದಕ್ಕೂ ಗಾಳಿಯಂತ್ರಗಳು, ಅವುಗಳ ಅಡಿಯಲ್ಲಿ ರಾಗಿ ಹೊಲ. ಗುಂಡಿ ಬಂದಾಗಲೆಲ್ಲ ಉಷಾರಾಣಿ ತನ್ನ ಕಾರಿನ ಹಿಂದಿನ ಎಡ ಚಕ್ರದ ಸದ್ದಿಗೆ ಕಿವಿಗೊಟ್ಟಳು.

ದಾಖಲೆ ಹೇಳಿದ ಜಾಗದಲ್ಲಿ ಪಂಕ್ಚರ್ ಅಂಗಡಿಯೊಂದಿತ್ತು. ಬೀಗ ಹಾಕಿತ್ತು. ಅಪಘಾತದ ಮರುದಿನದಿಂದ ಅದರ ಮಾಲೀಕ ಓಬಳೇಶ ಊರಲ್ಲಿಲ್ಲ, ಫೋನೂ ಆಫ್ ಎಂದು ಪಕ್ಕದ ಚಹಾದಂಗಡಿಯವನು ಹೇಳಿದ.

ಅಲ್ಲಿಂದ ಇನ್ನೂರು ಹೆಜ್ಜೆಗೆ ಮಂಜಣ್ಣನ ಮನೆ. ಮನೆಯ ಹಿಂದೆ ಮುಳ್ಳುಬೇಲಿಯ ಕುರಿ ರೊಪ್ಪ. ಮಂಜಣ್ಣನ ತಂದೆ ಎತ್ತಪ್ಪ ಅಲ್ಲಿದ್ದ. ಹಿಂದಿನ ದಿನ ಉಣ್ಣೆ ಕತ್ತರಿಸಿದ್ದರಿಂದ ಕುರಿಗಳು ಮೇಯಲು ಹೋಗಿರಲಿಲ್ಲ. ಎತ್ತಪ್ಪ ಬಟ್ಟಲಿನಲ್ಲಿ ಕೆಂಪು ಹುರುಮಂಜು ಕಲಸಿಟ್ಟುಕೊಂಡು, ಬೋಳಾದ ಮೈಗೆ ಹೊಸದಾಗಿ ಗುರುತು ಹಚ್ಚುತ್ತಿದ್ದ.

ಸೊಸೆ, ಮಂಜಣ್ಣನ ಹೆಂಡತಿ ನೇತ್ರಾವತಿ, ಕುರಿಗಳನ್ನು ಒಂದೊಂದಾಗಿ ಹಿಡಿದು ಕೊಡುತ್ತಿದ್ದಳು. ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಉಷಾರಾಣಿಯನ್ನು ಕಂಡದ್ದೇ ಕೈಯಲ್ಲಿದ್ದುದನ್ನು ಬಿಟ್ಟು ಬಂದಳು.

"ಬರ್ರಿ ಅಕ್ಕ. ಶುಕ್ರವಾರ ಏನಂತ ಬರೀತೀರಿ?"

"ಗೊತ್ತಿಲ್ಲ ನೇತ್ರಾವತಿ. ಅದಕ್ಕೇ ಬಂದೆ. ಎಂಟನೇ ತಾರೀಖು, ಶನಿವಾರ, ಮಂಜಣ್ಣ ಎಲ್ಲಿದ್ರು?"

"ಬಾಗೂರಲ್ಲಿ. ನಮ್ಮಕ್ಕನ ಮಗಳ ಹೆಸರಿಡೋ ಕಾರ್ಯ. ನಾನೂ ಹೋಗಿದ್ದೆ. ರಜ ಕೇಳಿ ಹೋಗಿದ್ದು."

"ಕಾರು?"

"ಆಫೀಸಲ್ಲಿ ಬಿಟ್ಟು ಬಂದಿದ್ರು. ಕಾರು ತಂದಿದ್ರೆ ನಾವ್ಯಾಕೆ ಬಸ್ಸಲ್ಲಿ ಹೋಗ್ತಿದ್ವಿ?"

"ಅದಕ್ಕೆ ಎರಡು ದಿನ ಮುಂಚೆ ದುರ್ಗದ ಅಂಗಡಿಯಿಂದ ಒಂದು ಖಾಲಿ ಚಕ್ರ ತಂದಿದ್ದಾರೆ ನಿಮ್ಮ ಯಜಮಾನರು. ಸಹಿ ಇದೆ."

"ಆಫೀಸಿನೋರು ಏನು ತಾ ಅಂದ್ರೂ ತರ್ತಾರೆ ಅಕ್ಕ. ಅದರ ಹಿಂದಿನ ವಾರ ಸೀಮೆಂಟು ತಂದಿದ್ರು. ಅದಕ್ಕೂ ಕೇಸ್ ಹಾಕ್ತೀರಾ?"

ಉತ್ತರ ಚುರುಕಾಗಿತ್ತು. ಚುರುಕಾದ ಉತ್ತರಗಳನ್ನು ಉಷಾರಾಣಿ ಎರಡು ಸಲ ತೂಗುತ್ತಿದ್ದಳು. ಅವಳು ಎತ್ತಪ್ಪನ ಕಡೆ ತಿರುಗಿದಳು.

"ಅಜ್ಜಾ, ಆ ಶನಿವಾರ ನೀವು ಮನೇಲಿದ್ರಿ ತಾನೆ?"

"ಕುರಿ ಬಿಟ್ಟು ಎಲ್ಲಿಗೆ ಹೋಗಾಣ ತಾಯಿ."

"ಕರೆಂಟು ಕಾರು ಬಂದದ್ದು ನೋಡಿದ್ರಾ? ಟೈರಿಲ್ಲದ ಒಂದು ಚಕ್ರ ಇಲ್ಲೆಲ್ಲಾದರೂ ಕಂಡಿದ್ದೀರಾ?"

ಎತ್ತಪ್ಪನ ಕೈ ಕುರಿಯ ಬೆನ್ನಿನ ಮೇಲೆಯೇ ನಿಂತಿತು. ಅವನ ಕಣ್ಣು ರೊಪ್ಪದ ಮೂಲೆಯ ಹಗ್ಗದ ಮಂಚದ ಕಡೆ ಹೋಗಿ ಬಂತು.

ನೇತ್ರಾವತಿ ಅದನ್ನು ನೋಡಿದಳು. ಮಂಚದ ಬಳಿ ಹೋಗಿ, ಅಡಿಯಲ್ಲಿದ್ದ ಕಂಬಳಿಯನ್ನು ಎಳೆದಳು.

ಕಪ್ಪು ಅಲಾಯ್ ಚಕ್ರ. ಹತ್ತು ಸ್ಪೋಕು.

ಉಷಾರಾಣಿ ಅದನ್ನು ಬೋರಲು ಮಾಡಿದಳು. 690 ಕೆ.ಜಿ. ಐದು ತೂತುಗಳ ನಡುವೆ ಅನುಸೂಯ ಇಟ್ಟ ಕುಂಕುಮ, ಕಂದು ಬಣ್ಣಕ್ಕೆ ತಿರುಗಿತ್ತು.

"ಮಾವ," ಎಂದಳು ನೇತ್ರಾವತಿ. "ಇದು ನಮ್ಮನೇಲಿ ಯಾಕೈತೆ ಮಾವ?"

ಎತ್ತಪ್ಪ ಬಟ್ಟಲಿನ ಹುರುಮಂಜನ್ನು ಮತ್ತೆ ಕಲಸತೊಡಗಿದ.

ಚಕ್ರ ತಂದದ್ದು ಮಗ. ಬದಲಾದದ್ದು ಮಗನ ಊರಿನಲ್ಲಿ. ಸಿಕ್ಕಿದ್ದು ಅಪ್ಪನ ಮಂಚದ ಕೆಳಗೆ. ಶುಕ್ರವಾರದ ವರದಿಗೆ ಇನ್ನೇನೂ ಬೇಕಿರಲಿಲ್ಲ. ಇಷ್ಟನ್ನೇ ಬರೆದರೆ, ಮಂಜಣ್ಣ ಅಜಾಗರೂಕ ಚಾಲಕನಾಗಿ ಉಳಿಯುವುದಿಲ್ಲ. ಬೇಕೆಂದೇ ಕೊಲ್ಲಲು ಹೊರಟವನಾಗುತ್ತಾನೆ.

"ಯಾರು ಕೊಟ್ರು ಅಜ್ಜಾ ಇದನ್ನ?"

"ಹೇಳಂಗಿಲ್ಲ ತಾಯಿ. ಮಾತು ಕೊಟ್ಟೀನಿ."

"ನಿಮ್ಮ ಮಗ ಕೊಟ್ಟದ್ದಾ?"

"ಹೇಳಂಗಿಲ್ಲ."

"ಮಾವ, ಅವರನ್ನ ಜೈಲಿಗೆ ಹಾಕ್ತಾರೆ," ಎಂದಳು ನೇತ್ರಾವತಿ. "ಯಾವ ಮಾತು ಮಾವ ಅದಕ್ಕಿಂತ ದೊಡ್ಡದು?"

"ಜೋರಾಗಿ ಓಡಿಸಿದ ಅಂತ ತಾನೆ ಕೇಸು? ಅದಕ್ಕೂ ಇದಕ್ಕೂ ಏನು?"

ಅವನು ನಿಜಕ್ಕೂ ಕೇಳುತ್ತಿದ್ದ. ಚಕ್ರ ಮುರಿದದ್ದರಿಂದ ಕಾರು ಉರುಳಿತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಉಷಾರಾಣಿ ಮತ್ತೆ ಚಕ್ರದ ಕಡೆ ನೋಡಿದಳು. ಆಗ ಕಂಡದ್ದು, ಕುಂಕುಮದ್ದಲ್ಲದ ಇನ್ನೊಂದು ಕೆಂಪು. ಅಂಚಿನ ಒಳಬದಿಯಲ್ಲಿ ಹುರುಮಂಜಿನಿಂದ ಬೆರಳಲ್ಲಿ ಬರೆದ ಗುರುತು. ಒಂದು ಬಳೆ, ಅದರ ನಡುವೆ ಒಂದು ಗೀಟು.

ತಲೆಯೆತ್ತಿ ಕುರಿಗಳನ್ನು ನೋಡಿದಳು. ಎತ್ತಪ್ಪ ಗುರುತು ಹಚ್ಚಿ ಬಿಟ್ಟಿದ್ದ ಬಹಳಷ್ಟು ಕುರಿಗಳ ಬೆನ್ನಿನ ಮೇಲೆ ಎರಡು ಗೀಟು. ಬೇಲಿಯ ಪಕ್ಕ ಬೇರೆಯಾಗಿ ನಿಂತಿದ್ದ ಕೆಲವುಗಳ ಮೇಲೆ ಬಳೆ, ಅದರ ನಡುವೆ ಒಂದು ಗೀಟು.

"ಎರಡು ಗೀಟಿನವು ನಿಮ್ಮವಾ ಅಜ್ಜಾ?" ಎಂದು ಕೇಳಿದಳು, ಮಾತು ಬದಲಿಸುವವಳ ಹಾಗೆ.

"ಹೂಂ ತಾಯಿ. ನಮ್ಮಪ್ಪನ ಕಾಲದಿಂದ್ಲೂ ಅದೇ."

"ಈ ಬಳೆ ಗುರುತಿನವು?"

"ಅವು ಪಾಲಿಗೆ ಬಿಟ್ಟವು. ನಾವು ಮೇಯಿಸೋದು, ಮರಿ ಹುಟ್ಟಿದ್ರೆ ಅರ್ಧ ನಮಗೆ, ಅರ್ಧ ಅವರಿಗೆ. ಯಾರ ಕುರಿಗೆ ಅವರ ಗುರುತೇ ಹಚ್ಚಬೇಕು. ನಾಳೆ ನಾನು ಸತ್ತರೂ ಯಾರದ್ದು ಯಾರಿಗೆ ಅಂತ ಮಗಂಗೆ ಗೊತ್ತಾಗಬೇಕಲ್ಲ. ಇಟ್ಕಳಕ್ಕೆ ಕೊಟ್ಟದ್ದನ್ನ ಗುರುತಿಲ್ದೆ ಇಡೋದು ನಮ್ಮಲ್ಲಿಲ್ಲ."

"ಎಷ್ಟಿವೆ?"

"ಹನ್ನೊಂದು. ಕಾಟಲಿಂಗಪ್ಪನೋರವು."

ಹೇಳಿದ ಮೇಲೆ ಎತ್ತಪ್ಪ ಚಕ್ರವನ್ನು ನೋಡಿದ. ತಾನೇ ಬರೆದ ಗುರುತನ್ನು ನೋಡಿದ. ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ.

ನೇತ್ರಾವತಿ ಮಂಚದ ಮೇಲೆ ಕುಳಿತಳು.

ಚಕ್ರದ ಬೆನ್ನು ತಿರುಗಿಸಿ ನಂಬರು ಓದಿದ ಮನುಷ್ಯ. 515ರದ್ದು ಗುಂಡಿಯಲ್ಲಿ ಸೀಳುತ್ತದೆ ಎಂದು ಕೇಳಿ ತಿಳಿದುಕೊಂಡಿದ್ದ ಮನುಷ್ಯ. ಗಟ್ಟಿ ಚಕ್ರವನ್ನು ಇಲ್ಲಿ ಬಚ್ಚಿಟ್ಟವನೂ ಅವನೇ. ಎರಡು ದಿನದ ನಂತರ ಅದೇ ಕಾರಿನಲ್ಲಿ, ಅದೇ ಎಡಬದಿಯಲ್ಲಿ, ಮುರಿಯಲಿರುವ ಚಕ್ರದ ಮೇಲೆಯೇ ಕುಳಿತು ಹೊರಟಿದ್ದ.

"ಈಗ ಮಾತು ನೀವು ಮುರಿದಂಗಾಗಲಿಲ್ಲ ಅಜ್ಜಾ. ಕುರಿ ಹೇಳಿದ್ದು," ಎಂದಳು ಉಷಾರಾಣಿ. "ಆ ದಿನ ಏನಾಯ್ತು?"

ಎತ್ತಪ್ಪ ಪಕ್ಕದ ಕುರಿಯ ಬೆನ್ನು ಸವರಿದ.

"ಓಬಳೇಶನ ಅಂಗಡೀಲಿ ಕಾರು ಜಾಕ್ ಮೇಲಿತ್ತು. ಒಳಗೆ ಇನ್ಯಾರೋ ಇದ್ರು, ಗಾಜು ಏರಿಸಿದ್ರು, ನಂಗೆ ಮುಖ ಕಾಣ್ಲಿಲ್ಲ. ಕಾಟಲಿಂಗಪ್ಪನೋರು ಹಿತ್ತಲ ಕಡೆಯಿಂದ ಈ ಚಕ್ರ ಉರುಳಿಸ್ಕಂಡು ಬಂದ್ರು. ಎರಡು ಸಲ ಹಿಂದೆ ತಿರುಗಿ ನೋಡಿದ್ರು. ಬೆವೆತಿದ್ರು. ಎತ್ತಪ್ಪ, ಇದನ್ನ ಇಟ್ಕಾ, ಯಾರಿಗೂ ಹೇಳಬ್ಯಾಡ ಅಂದ್ರು."

"ಅಷ್ಟೇನಾ?"

"ಹೋಗೋರು ನಿಂತು ಇನ್ನೊಂದು ಮಾತು ಅಂದ್ರು. ನಾನೊಬ್ಬನೇ ಬಂದು ಕೇಳಿದ್ರೆ ಕೊಡು. ನನ್ನ ಜೊತೆ ಇನ್ನೊಬ್ಬರು ಇದ್ರೆ, ನಾನೇ ಕೇಳಿದ್ರೂ ಕೊಡಬ್ಯಾಡ."

ಕಾರಿನೊಳಗಿದ್ದವರ ಕೈಗೆ ಚಕ್ರ ಸಿಗಬಾರದೆಂದೇ ಅವನು ಬಚ್ಚಿಟ್ಟಿರಬೇಕು. ಉಷಾರಾಣಿ ಅದನ್ನೂ ಬರೆದುಕೊಂಡಳು. ಬರೆಯುವಾಗಲೇ ಅದರ ಬೆಲೆ ಅವಳಿಗೆ ಗೊತ್ತಿತ್ತು. ಆರೋಪಿಯ ತಂದೆ ಹೇಳುವ ಮಾತು, ಆರೋಪಿಯ ಮನೆಯಲ್ಲಿ ಸಿಕ್ಕ ಚಕ್ರ. ಯಾವ ಠಾಣೆಯೂ ಇದನ್ನು ನಂಬುವುದಿಲ್ಲ. ಓಬಳೇಶ ಕಾಣೆಯಾಗಿರುವಾಗ, ಇದು ನಿಜ ಎಂದು ಹೇಳಬಲ್ಲವನು ಒಬ್ಬನೇ, ಅವನು ಒಂಬತ್ತು ದಿನದಿಂದ ಕಣ್ಣು ತೆರೆದಿಲ್ಲ.

ಅವಳು ಆಸ್ಪತ್ರೆಗೆ ಫೋನು ಮಾಡಿದಳು. ಕಾಟಲಿಂಗಪ್ಪನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ನಾಗಶ್ರೀ ಎರಡನೇ ರಿಂಗಿಗೇ ಎತ್ತಿದಳು.

"ನಾನೇ ಮಾಡಬೇಕು ಅಂತಿದ್ದೆ ಮೇಡಂ. ಕಣ್ಣು ಬಿಟ್ಟಿದ್ದಾರೆ. ಹನ್ನೊಂದೂವರೆಗೆ. ಗಂಟಲಲ್ಲಿ ಪೈಪ್ ಐತಲ್ಲ, ಮಾತಿಲ್ಲ. ಕೈಯಲ್ಲಿ ಸನ್ನೆ ಮಾಡಿ ಪೆನ್ನು ಕೇಳಿದ್ರು."

ನೇತ್ರಾವತಿ ಎದ್ದು ಹತ್ತಿರ ಬಂದು ನಿಂತಳು.

"ಏನು ಬರೆದ್ರು?"

"ಬರೀಲಿಲ್ಲ, ಚಿತ್ರ ಮಾಡಿದ್ರು. ಒಂದು ದುಂಡಗಿನದು, ನಡುವೆ ಒಂದು ಗೀಟು. ನಮಗೆ ಏನೂ ತಿಳೀಲಿಲ್ಲ. ಆಮೇಲೆ ಮತ್ತೆ ನಿದ್ದೆಗೆ ಜಾರಿದ್ರು."

"ಆ ಹಾಳೆ ಎಲ್ಲಿದೆ ನಾಗಶ್ರೀ?"

"ಮೋಹನ್‌ಕುಮಾರ್ ಅವರು ತಗಂಡ್ರು. ಪಕ್ಕದಲ್ಲೇ ಇದ್ರು. ಎಲ್ಲರಿಗೂ ತೋರಿಸಿ ಕೇಳಿದ್ರು, ಇದೇನು ಇದೇನು ಅಂತ. ನಮ್ಮ ಆಯಾ ಹೊಸದುರ್ಗದ ಕಡೆಯೋರು. ಇದು ಕುರಿಗೆ ಹಾಕೋ ಗುರುತಲ್ವಾ ಸಾರ್ ಅಂದ್ರು. ಅಷ್ಟೇ, ಲಿಫ್ಟಿಗೂ ಕಾಯಲಿಲ್ಲ, ಮೆಟ್ಲಿಳಿದು ಹೋದ್ರು."

"ಎಷ್ಟು ಹೊತ್ತಾಯ್ತು?"

"ಒಂದೂಕಾಲು ಗಂಟೆ ಆಗಿರಬೌದು."

ಉಷಾರಾಣಿ ಗಡಿಯಾರ ನೋಡಿಕೊಂಡಳು. ಹನ್ನೆರಡು ಐವತ್ತು. ಆಸ್ಪತ್ರೆಯಿಂದ ಇಲ್ಲಿಗೂ ಒಂದೂಕಾಲು ಗಂಟೆಯ ದಾರಿ.

ರೊಪ್ಪದ ಬಾಗಿಲಲ್ಲಿ ಮಲಗಿದ್ದ ಎತ್ತಪ್ಪನ ನಾಯಿ ಕಿವಿ ನೆಟ್ಟಗೆ ಮಾಡಿ ಎದ್ದು ನಿಂತಿತು. ಬೊಗಳಲಿಲ್ಲ. ರಸ್ತೆಯ ಕಡೆ ನೋಡುತ್ತಿತ್ತು.

ಎಂಜಿನ್ನಿನ ಸದ್ದು ಎಲ್ಲೂ ಇರಲಿಲ್ಲ. ಮನೆಯ ಮುಂದಿನ ಜಲ್ಲಿಯ ಮೇಲೆ ಟೈರುಗಳು ನಿಧಾನವಾಗಿ ಉರುಳಿ ಬರುವ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ನಿಂತಿತು.

ಎತ್ತಪ್ಪ ಕೆಂಪಾದ ಕೈಯಿಂದಲೇ ಕಂಬಳಿಯನ್ನು ಎಳೆದು ಚಕ್ರದ ಮೇಲೆ ಹೊದಿಸಿದ.